ಹಳೆಯ ನೋಟುಗಳ ಸ್ಥಿತಿ ಮತ್ತು ದರ್ಜೆ : ಬಾಗಲಕೋಟೆ ಸೀಮೆಯ ನೋಟುಗಳನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ನಾಣ್ಯಗಳ ಅಭ್ಯಾಸವು ಇತಿಹಾಸದ ಒಂದು ಮುಖ್ಯ ಅಂಗವೆಂಬ ಮಾತು ಹೊಸದಲ್ಲ. ಗದ್ಯಾಣ, ಪಣ, ಹೊನ್ನು, ವರಾಹಗಳ ಹೆಸರು ಕೇಳದೆ ಇತಿಹಾಸದ ಪದವಿ ಪಡೆದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ಇರಲಾರನು. ಆದರೆ ಕಾಗದದ ಹಣದ ವಿಷಯದಲ್ಲಿ ಈ ಮಾತನ್ನು ಆಡುವಂತಿಲ್ಲ. ನಮ್ಮ ಅಜ್ಜಂದಿರ ಕಾಲದ ನೋಟು ಇನ್ನೂ ಮನೆಯ ಕೀರ್ದಿ ಪುಸ್ತಕದ ಹಾಳೆಗಳ ನಡುವೆ ಸಿಕ್ಕುವುದರಿಂದಲೋ ಏನೋ, ಅದು ಇತಿಹಾಸದ ಸಾಮಗ್ರಿಯೆಂದು ನಮಗೆ ತೋರುವುದೇ ಇಲ್ಲ. ತೋರಿದಾಗ ವ್ಯಾಪಾರದ ಸರಕಾಗಿ ತೋರುತ್ತದೆ.

ಕಳೆದ ಕೆಲವು ವರ್ಷಗಳಿಂದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯ ನಮ್ಮ ವಿದ್ಯಾರ್ಥಿಗಳೂ ಅವರ ಮನೆಯ ಹಿರಿಯರೂ ಹಳೆಯ ನೋಟುಗಳನ್ನು ತಂದು ನಮಗೆ ತೋರಿಸುತ್ತಿದ್ದಾರೆ. ಅವರು ಕೇಳುವ ಪ್ರಶ್ನೆಗಳು ಎರಡು. ಇದು ಎಷ್ಟು ಹಳೆಯದು? ಇದಕ್ಕೆ ಏನು ಬೆಲೆ ಬಂದೀತು? ಮೊದಲನೆಯದಕ್ಕೆ ಉತ್ತರ ಕಠಿಣವಲ್ಲ. ಅರಸನ ಚಿತ್ರ, ಅಧಿಕಾರಿಯ ಸಹಿ, ಕ್ರಮಾಂಕದ ಅಕ್ಷರಗಳು ಅದನ್ನು ಹೇಳುತ್ತವೆ. ಎರಡನೆಯದರ ಉತ್ತರವು ಯಾರೂ ಕೇಳದ ಮೂರನೆಯ ಪ್ರಶ್ನೆಯನ್ನು ಅವಲಂಬಿಸಿದೆ: ನೋಟು ಯಾವ ಸ್ಥಿತಿಯಲ್ಲಿದೆ? ಈ ಮೂರನೆಯ ಪ್ರಶ್ನೆ ತಿಳಿಯದೆ ಇದ್ದುದರಿಂದ, ನೋಟನ್ನು ಚೊಕ್ಕಟ ಮಾಡಲು ಹೋಗಿ ಹಾಳುಮಾಡಿದ ಮೂರು ನಾಲ್ಕು ಪ್ರಸಂಗಗಳು ನಮ್ಮ ಕಣ್ಣೆದುರಿಗೇ ನಡೆದಿವೆ. ಅವುಗಳಲ್ಲಿ ಒಂದು ತಪ್ಪು ನಮ್ಮದೇ ಆಗಿತ್ತು. ಆದುದರಿಂದ ಸಂಗ್ರಾಹಕರು ನೋಟುಗಳ ದರ್ಜೆಯನ್ನು ಹೇಗೆ ನಿರ್ಣಯಿಸುತ್ತಾರೆ, ಆ ಪದ್ಧತಿಯಿಂದ ಇತಿಹಾಸದ ಅಭ್ಯಾಸಕನು ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದನ್ನು ಇಲ್ಲಿ ವಿವೇಚಿಸಿದ್ದೇವೆ.

ಹಣವನ್ನು ಅದರ ಸವೆತದಿಂದ ಅಳೆಯುವ ರೂಢಿ ನಮ್ಮ ಸೀಮೆಗೆ ಅಪರಿಚಿತವಲ್ಲ. ಪೇಶ್ವೆಯರ ಕಾಲದಲ್ಲಿ ಬಾಗಲಕೋಟೆಯ ಟಂಕಸಾಲೆಯಲ್ಲಿಯೇ ಮಲ್ಹಾರಶಾಹಿ ರೂಪಾಯಿಗಳು ಹೊಡೆಯಲ್ಪಡುತ್ತಿದ್ದವು. ಅಂದಿನ ಪೇಟೆಯಲ್ಲಿ ಬೇರೆ ಬೇರೆ ಟಂಕಸಾಲೆಗಳ ರೂಪಾಯಿ ಒಟ್ಟಿಗೆ ಓಡಾಡುತ್ತಿದ್ದುದರಿಂದ ಸರಾಫನು ಪ್ರತಿಯೊಂದನ್ನೂ ಬೆರಳಿನಿಂದ ಉಜ್ಜಿ, ಬಾರಿಸಿ, ತೂಗಿ, ಸವೆದುದಕ್ಕೆ ವಟ್ಟ ಹಿಡಿಯುತ್ತಿದ್ದನು. ಇದರಲ್ಲಿ ನ್ಯಾಯವಿತ್ತು, ಸವೆದ ರೂಪಾಯಿಯಲ್ಲಿ ಬೆಳ್ಳಿಯೇ ಕಡಿಮೆ. ನೋಟಿನ ಮಾತು ಹಾಗಲ್ಲ. ಕೊಳೆಯಾದ ಹತ್ತು ರೂಪಾಯಿ ನೋಟು ಹೊಸ ನೋಟಿನಷ್ಟೇ ಸರಕನ್ನು ಕೊಳ್ಳುತ್ತದೆ. ಚಲಾವಣೆಯಲ್ಲಿ ಇರುವವರೆಗೆ ಅದರ ಸ್ಥಿತಿಗೂ ಬೆಲೆಗೂ ಸಂಬಂಧವಿಲ್ಲ. ಚಲಾವಣೆಯಿಂದ ಹೊರಬಿದ್ದು ಸಂಗ್ರಾಹಕನ ಕೈ ಸೇರಿದ ದಿನದಿಂದ ಸ್ಥಿತಿಯೇ ಬೆಲೆಯಾಗುತ್ತದೆ. ಸರಾಫನ ವಟ್ಟವು ಲೋಹದ ನಷ್ಟಕ್ಕೆ ಇತ್ತು. ಸಂಗ್ರಾಹಕನ ವಟ್ಟವು ನೋಟು ತನ್ನ ಕೆಲಸವನ್ನು ಮಾಡಿತೆಂಬ ಕಾರಣಕ್ಕೆ ಇದೆ. ಈ ವಿಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ವಿಷಯ ತಿಳಿಯಾಗುತ್ತದೆ.

ಈ ಸೀಮೆಯಲ್ಲಿ ಯಾವ ನೋಟುಗಳು ಸಿಕ್ಕುತ್ತವೆ ಎಂಬುದನ್ನು ಮೊದಲು ಹೇಳಬೇಕು. ಈಗಿನ ಬಾಗಲಕೋಟೆ ಜಿಲ್ಲೆಯು ೧೯೯೭ರವರೆಗೆ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಅದು ಮುಂಬಯಿ ಇಲಾಖೆಗೆ ಸೇರಿತ್ತು. ೧೮೬೧ರ ಕಾಯಿದೆಯಿಂದ ನೋಟು ಹೊರಡಿಸುವ ಅಧಿಕಾರ ಭಾರತ ಸರಕಾರಕ್ಕೆ ಬಂದ ಮೇಲೆ ನಮ್ಮ ಕಡೆಗೆ ಬಂದವು ಮುಂಬಯಿ ವಲಯದ ನೋಟುಗಳು. ಒಂದೇ ಮಗ್ಗುಲಿಗೆ ಅಚ್ಚಾದ ಆ ನೋಟುಗಳು ಈಗ ತೀರ ವಿರಳ. ಒಂದನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವವಾದಾಗ ೧೯೧೭ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟು ಹೊರಟಿತು. ೧೯೧೮ರ ಆರಂಭದಲ್ಲಿ ಎರಡೂವರೆ ರೂಪಾಯಿಯ ನೋಟು ಬಂದಿತು. ಈ ಎರಡನೆಯದರ ಮೇಲೆ ವಲಯವನ್ನು ತಿಳಿಸುವ ಇಂಗ್ಲಿಷ್ ಅಕ್ಷರವೊಂದು ಇರುತ್ತಿತ್ತು, ಮುಂಬಯಿಗೆ 'ಬಿ'. ಆ ಮೇಲೆ ಐದನೆಯ ಜಾರ್ಜನ ಚಿತ್ರದ ನೋಟುಗಳು. ೧೯೩೮ರ ಜನವರಿಯಿಂದ ರಿಸರ್ವ್ ಬ್ಯಾಂಕಿನ ಆರನೆಯ ಜಾರ್ಜನ ನೋಟುಗಳು. ಸ್ವಾತಂತ್ರ್ಯದ ನಂತರ ಅಶೋಕಸ್ತಂಭದವು. ಮನೆಗಳಲ್ಲಿ ಸಿಕ್ಕುವವುಗಳಲ್ಲಿ ಕೊನೆಯ ಎರಡು ಬಗೆಯವೇ ಹೆಚ್ಚು.

ಆದರೆ ಹುನಗುಂದ ಮತ್ತು ಇಳಕಲ್ಲಿನ ಕಡೆಯಿಂದ ಬರುವ ಕಂತೆಗಳಲ್ಲಿ ಬೇರೆ ಒಂದು ಬಗೆಯ ನೋಟು ಆಗಾಗ ಇಣುಕುತ್ತದೆ: ಹೈದರಾಬಾದ ಸಂಸ್ಥಾನದ ನೋಟು. ಇಳಕಲ್ಲನ್ನು ದಾಟಿದರೆ ಕುಷ್ಟಗಿ ತಾಲೂಕು. ಹುನಗುಂದದ ಮೂಡಲಿಗೆ ಲಿಂಗಸುಗೂರು. ಎರಡೂ ಅಂದು ನಿಜಾಮರ ರಾಯಚೂರು ಜಿಲ್ಲೆಯಲ್ಲಿದ್ದವು. ೧೯೧೮ರಿಂದ ನಿಜಾಮ ಸರಕಾರವು ತನ್ನ ಸ್ವಂತ ನೋಟುಗಳನ್ನು ಹೊರಡಿಸಿತು. ಅವುಗಳ ಮೇಲೆ ಇಂಗ್ಲಿಷಿನ ಜೊತೆಗೆ ಉರ್ದು, ತೆಲುಗು, ಮರಾಠಿ, ಕನ್ನಡ ನಾಲ್ಕರಲ್ಲಿಯೂ ಬೆಲೆ ಬರೆದಿರುತ್ತಿತ್ತು. ಆಚೆಯವರು ಸೀರೆಗೆ, ಕಾಳಿಗೆ ಈಚೆಯ ಪೇಟೆಗೆ ಬರುವಾಗ ಹಾಲಿ ರೂಪಾಯಿಯೂ ಬರುತ್ತಿತ್ತು. ಏಳು ಹಾಲಿಗೆ ಆರು ಕಲದಾರ ಎಂಬ ಲೆಕ್ಕ. ಸಂಸ್ಥಾನವು ೧೯೪೮ರ ಸೆಪ್ಟಂಬರಿನಲ್ಲಿ ಭಾರತದಲ್ಲಿ ಸೇರಿದ ಮೇಲೂ ಈ ಹಣ ಕೂಡಲೇ ಮಾಯವಾಗಲಿಲ್ಲ. ೧೯೫೯ರವರೆಗೆ ಅದಕ್ಕೆ ಕಾನೂನಿನ ಮಾನ್ಯತೆ ಇತ್ತು. ಗಡಿಯ ಊರಿನಲ್ಲಿ ಸಿಕ್ಕುವ ಒಂದೊಂದು ಹಾಲಿ ನೋಟೂ ಒಂದು ವ್ಯವಹಾರದ ಕುರುಹೆಂಬುದನ್ನು ಮರೆಯಬಾರದು.

ಇನ್ನು ದರ್ಜೆಯ ವಿಚಾರ. ದರ್ಜೆಯನ್ನು ಬಲ್ಲವನು ಮೊದಲು ಕಾಗದವನ್ನು ಬಲ್ಲವನಾಗಿರಬೇಕು. ನೋಟಿನ ಕಾಗದ ನಮ್ಮ ಬರವಣಿಗೆಯ ಕಾಗದದಂತೆ ಕಟ್ಟಿಗೆಯ ಹಿಟ್ಟಿನದಲ್ಲ, ಹತ್ತಿಯದು. ಅದರ ಎಳೆಗಳನ್ನು ಹಿಡಿದು ನಿಲ್ಲಿಸಲು ಸರಸಿನಂಥ ದ್ರವ್ಯದ ಲೇಪವಿರುತ್ತದೆ. ಹೊಸ ನೋಟಿನ ಗರಿಗರಿತನವೂ ಮಂದವಾದ ಹೊಳಪೂ ಈ ಲೇಪದಿಂದಲೇ ಬಂದವು. ಇಳಕಲ್ಲಿನಲ್ಲಿಯೋ ಗುಳೇದಗುಡ್ಡದಲ್ಲಿಯೋ ಹುಟ್ಟಿದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಮಗ್ಗದಿಂದ ಇಳಿದ ಸೀರೆಗೂ ಒಂದು ಸಲ ನೀರು ಕಂಡ ಸೀರೆಗೂ ಇರುವ ಭೇದವನ್ನು ಅಲ್ಲಿಯ ಹೆಣ್ಣುಮಕ್ಕಳು ಕಣ್ಣು ಮುಚ್ಚಿ ಸೆರಗು ಮುಟ್ಟಿ ಹೇಳಬಲ್ಲರು. ಒಗೆದ ಸೀರೆಗೆ ಮತ್ತೆ ಗಂಜಿ ಕೊಟ್ಟು ಇಸ್ತ್ರಿ ಮಾಡಿದರೂ ಅವರು ಮೋಸಹೋಗುವುದಿಲ್ಲ. ನೋಟಿನ ದರ್ಜೆ ನಿರ್ಣಯಿಸುವವನ ವಿದ್ಯೆಯೂ ಬಹುಮಟ್ಟಿಗೆ ಇದೇ. ನೀರು ಕಂಡ ನೋಟು ತನ್ನ ಲೇಪವನ್ನು ಕಳೆದುಕೊಳ್ಳುತ್ತದೆ. ಅದು ಮರಳಿ ಬರುವುದಿಲ್ಲ.

ಸಂಗ್ರಾಹಕರ ದರ್ಜೆಗಳ ಹೆಸರುಗಳು ಇಂಗ್ಲಿಷಿನವು. ನಮ್ಮ ದೇಶದ ವ್ಯಾಪಾರಿಗಳೂ ಅವನ್ನೇ ಬಳಸುತ್ತಾರೆ. ೧೯೬೧ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬ್ಯಾಂಕ್‌ನೋಟು ಸಂಘವು ಅವುಗಳಿಗೆ ಲಕ್ಷಣಗಳನ್ನು ಗೊತ್ತುಮಾಡಿದೆ. ಎಲ್ಲಕ್ಕೂ ಮೇಲಿನದು ಅನ್‌ಸರ್ಕ್ಯುಲೇಟೆಡ್, ಅಂದರೆ ಚಲಾವಣೆಯನ್ನೇ ಕಾಣದ್ದು: ಮಡಿಕೆಯಿಲ್ಲ, ಕಲೆಯಿಲ್ಲ, ನಾಲ್ಕು ಮೂಲೆಗಳೂ ಚೂಪು. ಅದರ ಕೆಳಗಿನದು ಅಬೌಟ್ ಅನ್‌ಸರ್ಕ್ಯುಲೇಟೆಡ್. ಬ್ಯಾಂಕಿನ ಕಾರಕೂನನು ಎಣಿಸುವಾಗ ಮೂಲೆಗೆ ಬಿದ್ದ ಬಾಗು, ಅಥವಾ ನಡುವೆ ಒಂದು ಹಗುರಾದ ಮಡಿಕೆ, ಇವೆರಡರಲ್ಲಿ ಒಂದು ಇದ್ದರೆ ಈ ದರ್ಜೆ. ಎರಡೂ ಇದ್ದರೆ ಇಲ್ಲ. ಇಲ್ಲಿ ಮಡಿಕೆಗೂ ಮುರಿಕೆಗೂ ಭೇದ ಮಾಡಬೇಕು. ಮಡಿಕೆಯೆಂದರೆ ಕಾಗದ ಬಾಗಿದ್ದು. ಮುರಿಕೆಯೆಂದರೆ ಮೇಲ್ಮೈಯ ಎಳೆ ಮುರಿದು ಮಸಿ ಒಡೆದು ಬಿಳಿಯ ಗೆರೆ ಮೂಡಿದ್ದು. ಎಕ್ಸ್‌ಟ್ರೀಮ್ಲಿ ಫೈನ್ ಎಂಬ ದರ್ಜೆಯಲ್ಲಿ ಹಗುರಾದ ಮೂರು ಮಡಿಕೆಗಳವರೆಗೆ, ಇಲ್ಲವೆ ಒಂದೇ ಒಂದು ಮುರಿಕೆ ಸಲ್ಲುತ್ತದೆ.

ನಮ್ಮ ಮನೆಗಳ ನೋಟುಗಳು ಸಾಮಾನ್ಯವಾಗಿ ಇದರ ಕೆಳಗಿನ ಮೆಟ್ಟಿಲುಗಳಲ್ಲಿ ಇರುತ್ತವೆ. ಆದುದರಿಂದ ಇಲ್ಲಿ ತುಸು ನಿಲ್ಲಬೇಕು. ವೆರಿ ಫೈನ್ ನೋಟಿನಲ್ಲಿ ಅಡ್ಡ ಉದ್ದ ಮಡಿಕೆಗಳು ಹಲವು ಇರಬಹುದು, ಅಂಚು ಸ್ವಲ್ಪ ಸವೆದಿರಬಹುದು. ಆದರೆ ಕಾಗದದಲ್ಲಿ ಇನ್ನೂ ಬಿಗುವು ಉಳಿದಿರಬೇಕು. ಒಂದು ತುದಿಯನ್ನು ಹಿಡಿದರೆ ಇನ್ನೊಂದು ತುದಿ ಜೋತುಬೀಳಬಾರದು. ಫೈನ್ ಎಂಬುದು ಕೈಯಿಂದ ಕೈಗೆ ಚೆನ್ನಾಗಿ ತಿರುಗಿದ ನೋಟು: ಮೆತ್ತಗಾಗಿದೆ, ಸುಕ್ಕು ತುಂಬಿದೆ, ಅಂಚಿನಲ್ಲಿ ಸಣ್ಣ ಹರಕುಗಳಿವೆ, ಒಂದೆರಡು ಪಿನ್ನಿನ ತೂತುಗಳೂ ಇವೆ, ಆದರೆ ಹರಕು ಚಿತ್ರದೊಳಗೆ ನುಗ್ಗಿಲ್ಲ, ಮಡಿಕೆಗಳು ಕೂಡುವ ನಡುವಿನಲ್ಲಿ ತೂತು ಬಿದ್ದಿಲ್ಲ. ಆ ತೂತು ಬಿದ್ದರೆ ಅದು ವೆರಿ ಗುಡ್‌ಗೆ ಇಳಿಯುತ್ತದೆ. ಮೂಲೆಗಳು ದುಂಡಗಾಗಿ, ಕಲೆ ಹಿಡಿದು, ಕಾಗದ ಬಟ್ಟೆಯಂತೆ ಜೋತುಬಿದ್ದರೂ ಯಾವ ತುಂಡೂ ಹೋಗಿರಬಾರದು ಎಂಬುದು ಆ ದರ್ಜೆಯ ಕರಾರು. ಅದರ ಕೆಳಗೆ ಗುಡ್. ನಂತರ ಫೇರ್, ಪೂರ್. ಹೆಸರುಗಳ ಈ ಔದಾರ್ಯಕ್ಕೆ ನಮ್ಮ ವಿದ್ಯಾರ್ಥಿಗಳು ಮೊದಲು ಮೋಸಹೋಗುತ್ತಾರೆ. 'ಗುಡ್' ಎಂದು ಬರೆದು ಮಾರಿದ ನೋಟು ಕೊಳೆತು ಜೀರ್ಣವಾದುದು. 'ವೆರಿ ಗುಡ್' ಎಂಬುದು ಅದಕ್ಕಿಂತ ಒಂದು ಕೂದಲು ಮೇಲು. ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಇದೇ ಶಬ್ದಗಳನ್ನು ನಾವು ಬೇರೆ ಅರ್ಥದಲ್ಲಿ ಬರೆಯುತ್ತೇವೆ.

ಇದಲ್ಲದೆ ಅಂಕಗಳ ಪದ್ಧತಿಯೊಂದು ಉಂಟು. ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ವಿದ್ವಾಂಸನು ೧೯೪೯ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟು ನಾಣ್ಯಗಳಿಗಾಗಿ ಒಂದರಿಂದ ಎಪ್ಪತ್ತರವರೆಗೆ ಒಂದು ಅಳತೆಯನ್ನು ಕಲ್ಪಿಸಿದನು. ಎಪ್ಪತ್ತರ ನಾಣ್ಯಕ್ಕೆ ಒಂದರ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಎಂಬುದು ಅವನ ಮೂಲ ಎಣಿಕೆ. ಆ ಲೆಕ್ಕ ಬಹಳ ದಿನ ಬಾಳಲಿಲ್ಲ. ಅಂಕಗಳು ಮಾತ್ರ ಉಳಿದುಕೊಂಡು ನೋಟುಗಳಿಗೂ ಬಂದವು. ೨೦೦೫ರಲ್ಲಿ ಅಮೆರಿಕದಲ್ಲಿ ಆರಂಭವಾದ ಪೇಪರ್ ಮನಿ ಗ್ಯಾರಂಟಿಯಂಥ ಸಂಸ್ಥೆಗಳು ಶುಲ್ಕ ಪಡೆದು ನೋಟನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪಾರದರ್ಶಕ ಲಕೋಟೆಯಲ್ಲಿ ಮುದ್ರೆಮಾಡಿ ಕಳಿಸುತ್ತವೆ. ಈ ಅಳತೆಯಲ್ಲಿ ವೆರಿ ಫೈನ್ ೨೦ರಿಂದ ೩೫ರವರೆಗೆ, ಎಕ್ಸ್‌ಟ್ರೀಮ್ಲಿ ಫೈನ್ ೪೦ ಮತ್ತು ೪೫, ಅಬೌಟ್ ಅನ್‌ಸರ್ಕ್ಯುಲೇಟೆಡ್ ೫೦ರಿಂದ ೫೮. ಅರುವತ್ತರಿಂದ ಎಪ್ಪತ್ತರವರೆಗಿನ ಹನ್ನೊಂದು ಅಂಕಗಳೂ ಒಬ್ಬರ ಕೈಗೂ ಹಣವಾಗಿ ಹೋಗದ ನೋಟುಗಳಿಗೆ ಮೀಸಲು. ಅಚ್ಚು ಕಾಗದದ ನಟ್ಟನಡುವೆ ಕೂತಿದೆಯೇ, ನಾಲ್ಕು ಅಂಚಿನ ಬಿಳಿ ಸಮವಾಗಿದೆಯೇ ಎಂಬ ಸೂಕ್ಷ್ಮಗಳು ಅಲ್ಲಿ ನಿರ್ಣಾಯಕ. ವ್ಯಾಪಾರದ ದೃಷ್ಟಿಯಿಂದ ಅವುಗಳಿಗೆ ಅರ್ಥವಿರಬಹುದು. ಇತಿಹಾಸದ ಅಭ್ಯಾಸಕನಿಗೆ ಆ ಮೆಟ್ಟಿಲುಗಳಲ್ಲಿ ಮಾಡುವ ಕೆಲಸ ಹೆಚ್ಚಿಲ್ಲ.

ಪರೀಕ್ಷಿಸುವ ಕ್ರಮವು ಹೀಗೆ. ಕೈ ತೊಳೆದು ಒರಸಿಕೊಂಡು, ನೋಟನ್ನು ಬಿಳಿಯ ಕಾಗದದ ಮೇಲೆ ಇಟ್ಟು ಎರಡೂ ಮಗ್ಗುಲು ನೋಡಬೇಕು. ಅನಂತರ ಒಂದೇ ದೀಪದ ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀಳಿಸಬೇಕು. ನೇರ ಬೆಳಕಿನಲ್ಲಿ ಕಾಣದ ಮಡಿಕೆಗಳು ಆಗ ಹೊಲದ ಸಾಲುಗಳಂತೆ ಎದ್ದುನಿಲ್ಲುತ್ತವೆ. ಇಸ್ತ್ರಿ ಮಾಡಿ ಅಡಗಿಸಿದ ಮಡಿಕೆಯೂ ತನ್ನ ಗೆರೆಯನ್ನು ಬಿಟ್ಟುಕೊಡುತ್ತದೆ. ಮೂರನೆಯದಾಗಿ ನೋಟನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿಯಬೇಕು. ನೀರ್ಗುರುತು, ಪಿನ್ನಿನ ತೂತು, ತೆಳುವಾದ ಜಾಗ, ಹಿಂದಿನಿಂದ ಹಚ್ಚಿದ ಕಾಗದದ ತೇಪೆ ಎಲ್ಲವೂ ಅಲ್ಲಿ ಬಯಲಾಗುತ್ತವೆ. ಮೂಗನ್ನು ಉಪಯೋಗಿಸಲು ಸಂಕೋಚಪಡಬೇಕಾದುದಿಲ್ಲ. ಸಾಬೂನಿನ ವಾಸನೆ ಬಂದರೆ ಅನುಮಾನಕ್ಕೆ ಆಸ್ಪದ ಉಂಟು.

ನಮ್ಮ ದೇಶದ ನೋಟುಗಳಿಗೆ ಈ ಹೊರನಾಡಿನ ಮೆಟ್ಟಿಲುಗಳು ಸರಿಯಾಗಿ ಹೊಂದದ ಎಡೆಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ತೂತಿನ ಪ್ರಶ್ನೆ. ಭಾರತದಲ್ಲಿ ನೂರು ನೋಟುಗಳ ಕಟ್ಟನ್ನು ತಂತಿಯಿಂದ ಹೊಲಿದು ಇಡುವುದು ಬಹುಕಾಲ ನಡೆದುಬಂದ ಪದ್ಧತಿ. ೨೦೦೧ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇದನ್ನು ನಿಲ್ಲಿಸಬೇಕೆಂದು ಬ್ಯಾಂಕುಗಳಿಗೆ ನಿರ್ದೇಶ ಕೊಟ್ಟಿತು; ಕಾಗದದ ಪಟ್ಟಿ ಸುತ್ತುವ ರೂಢಿ ಅಲ್ಲಿಂದ ಬಂದಿತು. ಹೀಗಾಗಿ ಒಬ್ಬನ ಕಿಸೆಗೂ ಹೋಗದ ೧೯೪೦ರ ದಶಕದ ನೋಟಿನಲ್ಲಿಯೂ ಎಡಗಡೆಗೆ ಎರಡು ತೂತುಗಳು ಇರುತ್ತವೆ. ಇದನ್ನು ಕೈಬಳಕೆಯ ಸವೆತವೆಂದು ಎಣಿಸಬೇಕೇ, ಹುಟ್ಟಿನ ಗುರುತೆಂದು ಎಣಿಸಬೇಕೇ? ತೂತನ್ನು ಮುಚ್ಚಿಡದೆ ಬೇರೆಯಾಗಿ ನಮೂದಿಸಿ, ಅದರ ಸಲುವಾಗಿ ದರ್ಜೆ ಇಳಿಸದೆ ಇರುವುದೇ ನ್ಯಾಯವೆಂದು ನಮ್ಮ ಅಭಿಪ್ರಾಯ. ಆದರೆ ತಂತಿಯ ತೂತಿಗೂ ಗುಂಡುಪಿನ್ನಿನ ತೂತಿಗೂ ಅಂತರವುಂಟು. ತಂತಿಯದು ಜೋಡಿ, ನೇರ, ಸಮ ಅಂತರದ್ದು. ಅಂಗಡಿಯ ಚೀಟಿಗೆ ನೋಟು ಚುಚ್ಚಿಟ್ಟ ಪಿನ್ನಿನದು ಒಂಟಿ, ಒಮ್ಮೊಮ್ಮೆ ತುಕ್ಕಿನ ಉಂಗುರ ಕಟ್ಟಿದ್ದು. ಎರಡನೆಯದು ಬಳಕೆಯ ಸಾಕ್ಷಿ.

ಇನ್ನೊಂದು ಅರ್ಧನೋಟಿನದು. ಹಳೆಯ ಒಂದೇ ಮಗ್ಗುಲಿನ ನೋಟುಗಳಲ್ಲಿ ಕ್ರಮಾಂಕವನ್ನು ಎರಡು ಕಡೆ ಅಚ್ಚುಹಾಕುತ್ತಿದ್ದರು. ಅಂದಿನ ವರ್ತಕರು ಹಣವನ್ನು ಟಪಾಲಿನಲ್ಲಿ ಕಳಿಸುವಾಗ ನೋಟನ್ನು ನಡುವೆ ಕತ್ತರಿಸಿ, ಒಂದು ಅರ್ಧ ಮುಟ್ಟಿತೆಂಬ ಪತ್ರ ಬಂದ ಮೇಲೆ ಇನ್ನೊಂದನ್ನು ಕಳಿಸುತ್ತಿದ್ದರು. ಮುಟ್ಟಿದವರು ಎರಡನ್ನೂ ಅಂಟಿಸಿಕೊಳ್ಳುತ್ತಿದ್ದರು. ದರ್ಜೆಯ ಕಟ್ಟಳೆಯಲ್ಲಿ ಇಂಥ ನೋಟು ಸೀಳಿದ್ದು, ದುರಸ್ತಿಯಾದದ್ದು. ನಮ್ಮ ಪಾಲಿಗೆ ಅದು ೧೯ನೆಯ ಶತಮಾನದ ಟಪಾಲಿನ ಮೇಲೆ ವ್ಯಾಪಾರಿಗೆ ಎಷ್ಟು ನಂಬಿಕೆಯಿತ್ತು, ಎಷ್ಟು ಇರಲಿಲ್ಲ ಎಂಬುದನ್ನು ಹೇಳುವ ದಾಖಲೆ. ಆ ಹಳೆಯ ಅಂಟನ್ನು ಬಿಡಿಸಿ 'ಸರಿಯಾಗಿ' ಅಂಟಿಸಹೊರಟವನು ದಾಖಲೆಯನ್ನು ಅಳಿಸಿದಂತೆಯೇ ಸರಿ.

ಬ್ಯಾಂಕಿನವರೂ ನೋಟಿಗೆ ತಮ್ಮದೊಂದು ದರ್ಜೆ ಕಟ್ಟುತ್ತಾರೆಂಬುದನ್ನು ಇಲ್ಲಿ ನೆನೆಯಬಹುದು. ಅವರ ದೃಷ್ಟಿ ಕ್ಷೇತ್ರಫಲದ ಮೇಲೆ. ೨೦೦೯ರ ಮರುಪಾವತಿ ನಿಯಮಗಳು ೨೦೧೮ರಲ್ಲಿ ತಿದ್ದುಪಡಿಯಾದ ಪ್ರಕಾರ, ಐವತ್ತು ರೂಪಾಯಿಗಿಂತ ಕೆಳಗಿನ ಹರಿದ ನೋಟಿನ ಅತಿ ದೊಡ್ಡ ತುಂಡು ಅರ್ಧವನ್ನು ಮೀರಿದ್ದರೆ ಪೂರ್ತಿ ಹಣ. ಐವತ್ತು ಮತ್ತು ಮೇಲಿನವುಗಳಲ್ಲಿ ಶೇಕಡ ೮೦ನ್ನು ಮೀರಿದ್ದರೆ ಪೂರ್ತಿ, ೪೦ರಿಂದ ೮೦ರ ಒಳಗಿದ್ದರೆ ಅರ್ಧ. ಕೊಳೆ, ಸುಕ್ಕು, ಮಡಿಕೆಗಳಿಗೆ ಅಲ್ಲಿ ವಟ್ಟವಿಲ್ಲ. ಸಂತೆಯಲ್ಲಿ ಕುಳಿತು ಹರಿದ ನೋಟಿಗೆ ಕಡಿಮೆ ಹಣ ಕೊಡುವವನದು ಮತ್ತೊಂದು ಅಳತೆ. ಅದು ಹಳೆಯ ಸರಾಫನ ನೆರಳು.

ಈಗ ನೋಟು ಹಾಳಾಗುವ ಬಗೆ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಡೆಯಾಗಿ ಜನರು ನವನಗರಕ್ಕೆ ವಾಸ ಬದಲಿಸಿದಾಗ, ಎಷ್ಟೋ ವರ್ಷಗಳಿಂದ ತೆರೆಯದಿದ್ದ ಟ್ರಂಕು, ತಿಜೋರಿಗಳು ತೆರೆದವು. ನಮಗೆ ತೋರಿಸಿದ ನೋಟುಗಳಲ್ಲಿ ಕೆಲವು ಆಗ ಹೊರಬಂದವು. ಹಸಿ ಹಿಡಿದು ಕಂದು ಚುಕ್ಕೆಗಳಾದವು ಕೆಲವು. ಒಂದಕ್ಕೊಂದು ಅಂಟಿದವು ಕೆಲವು. ಹಾಗೆ ಅಂಟಿದ್ದನ್ನು ಬಿಡಿಸಲು ಬಿಸಿನೀರಿನಲ್ಲಿ ಹಾಕಿ, ಒಣಗಿಸಿ, ಇಸ್ತ್ರಿ ಹೊಡೆದು ತಂದ ಕಂತೆಯೊಂದನ್ನು ನಾವು ಕಂಡೆವು. ದೂರದಿಂದ ನೋಡಿದರೆ ಹೊಸದರಂತೆ ಇದ್ದವು. ಮುಟ್ಟಿದರೆ ಹಳೆಯ ಧೋತರದಂತೆ ಮೆತ್ತಗೆ. ಮಡಿಕೆಗಳೂ ಹೋಗಿದ್ದವು, ಹೊಳಪೂ ಹೋಗಿತ್ತು, ಅಂಚಿನಲ್ಲಿ ಮಸಿಯಿಂದ ಬರೆದಿದ್ದ ಲೆಕ್ಕವೂ ಹೋಗಿತ್ತು. ಸಂಗ್ರಾಹಕನು ಅವನ್ನು 'ತೊಳೆದದ್ದು' ಎಂದು ಬದಿಗಿಡುತ್ತಾನೆ. ನಾವೂ ಓದಲು ಏನೂ ಉಳಿಯದೆ ಬದಿಗಿಟ್ಟೆವು. ನೀರಿಗಿಂತ ಮನುಷ್ಯನ ಕೈ ಹೆಚ್ಚಿನದನ್ನು ಕೆಡಿಸಿತ್ತು. ಈ ಮಾತಿಗೆ ಒಂದು ಪೋಷಕ ಉದಾಹರಣೆಯುಂಟು. ೧೯೧೮ರ ಜುಲೈ ೨ರಂದು ಲಂಡನ್ನಿನಿಂದ ಮುಂಬಯಿಗೆ ಹೊರಟ 'ಶಿರಾಲಾ' ಎಂಬ ಹಡಗನ್ನು ಜರ್ಮನ್ ಜಲಾಂತರ್ಗಾಮಿಯೊಂದು ಮುಳುಗಿಸಿತು. ಅದರಲ್ಲಿದ್ದ ಭಾರತದ ನೋಟುಗಳು ಕೆಲವು ದಡಕ್ಕೆ ತೇಲಿಬಂದವು. ಅವುಗಳಲ್ಲಿ ಎರಡು ಹತ್ತು ರೂಪಾಯಿ ನೋಟುಗಳು ೨೦೨೪ರಲ್ಲಿ ಲಂಡನ್ನಿನ ಹರಾಜಿಗೆ ಬಂದಾಗ ಇನ್ನೂ ಒಳ್ಳೆಯ ಸ್ಥಿತಿಯಲ್ಲಿದ್ದವು. ಬಿಗಿಯಾದ ಕಟ್ಟಿನ ಒಳಗಿದ್ದುದರಿಂದ ಸಮುದ್ರದ ನೀರೂ ಅವುಗಳನ್ನು ಪೂರ್ತಿ ಕೆಡಿಸಲಿಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕಾಲೇಜಿನ ವಸ್ತುಪ್ರದರ್ಶನವೊಂದಕ್ಕಾಗಿ ಆರನೆಯ ಜಾರ್ಜನ ಐದು ರೂಪಾಯಿಯ ಎರಡು ನೋಟುಗಳನ್ನು ಹಲಗೆಗೆ ಪಾರದರ್ಶಕ ಅಂಟುಪಟ್ಟಿಯಿಂದ ಹಚ್ಚಿದೆವು. ಬೇಸಗೆಯ ರಜೆ ಕಳೆದು ಬಂದು ನೋಡುವಾಗ ಅಂಟು ಕಾಗದದೊಳಗೆ ಇಳಿದು ಹಳದಿಯಾಗಿತ್ತು. ಒಂದರಲ್ಲಿ ಹಿಂಭಾಗದ ಎಂಟು ಭಾಷೆಗಳ ಸಾಲುಗಳಲ್ಲಿ ಕನ್ನಡದ ಸಾಲೇ ಆ ಕಲೆಯ ಕೆಳಗೆ ಸಿಕ್ಕಿತ್ತು. ಅಂಟುಪಟ್ಟಿಯನ್ನು ನೋಟಿಗೆ ಎಂದೂ ಹಚ್ಚಬಾರದೆಂಬ ಪಾಠವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಈಗ ನೋಟುಗಳನ್ನು ಪಾಲಿಯೆಸ್ಟರ್ ಹಾಳೆಯ ಚೀಲಗಳಲ್ಲಿ ಇಡುತ್ತೇವೆ. ಪೇಟೆಯಲ್ಲಿ ಸಿಕ್ಕುವ ಮೆತ್ತನೆಯ ಪಿ.ವಿ.ಸಿ. ಚೀಲ ಕಾಲಾನಂತರದಲ್ಲಿ ಜಿಡ್ಡು ಬಿಡುವುದರಿಂದ ಅದು ಬೇಡ. ಹೊರಲಕೋಟೆಯ ಮೇಲೆ ಬರೆಯುವುದನ್ನು ಪೆನ್ಸಿಲಿನಿಂದ, ನೋಟು ಒಳಗೆ ಇಡುವ ಮುಂಚೆಯೇ ಬರೆಯುತ್ತೇವೆ.

ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಕ ೪೬೫ರ ಶಾಸನವನ್ನೋ, ಐಹೊಳೆಯ ಮೇಗುಟಿಯ ರವಿಕೀರ್ತಿಯ ಶಾಸನವನ್ನೋ ಓದುವ ಪಂಡಿತನು ಸವೆದ ಅಕ್ಷರವನ್ನು ಕಂಡಾಗ ಏನು ಮಾಡುತ್ತಾನೆ? ಅದನ್ನು ಚಾಣದಿಂದ ಮತ್ತೆ ಕೆತ್ತುವುದಿಲ್ಲ. ಸವೆದಿದೆಯೆಂದು ಚೌಕ ಕಂಸದಲ್ಲಿ ಗುರುತಿಸುತ್ತಾನೆ. ಸವೆದದ್ದು ಮಳೆಯಿಂದಲೋ, ಕಾಲ್ತುಳಿತದಿಂದಲೋ, ಬೇಕೆಂದು ಕೆತ್ತಿಹಾಕಿದ್ದೋ ಎ೦ದು ವಿಚಾರಿಸುತ್ತಾನೆ. ನೋಟಿನ ವಿಷಯದಲ್ಲಿಯೂ ಇದೇ ಶಿಸ್ತು ಬೇಕು. ಸಂಗ್ರಾಹಕರ ಕಣ್ಣು ಬಹಳ ಸೂಕ್ಷ್ಮವಾದುದು. ಮಡಿಕೆಯನ್ನು ಮುರಿಕೆಯಿಂದ, ತಂತಿಯ ತೂತನ್ನು ಪಿನ್ನಿನ ತೂತಿನಿಂದ ಬೇರ್ಪಡಿಸುವ ಶಬ್ದಸಂಪತ್ತು ಅವರಲ್ಲಿದೆ, ನಮ್ಮ ದಫ್ತರಗಳಲ್ಲಿಲ್ಲ. ಅದನ್ನು ನಾವು ಕೃತಜ್ಞತೆಯಿಂದ ಪಡೆಯಬೇಕು. ಆದರೆ ಅವರ ಏಣಿಯ ತುದಿಯಲ್ಲಿರುವುದು ಯಾರೂ ಮುಟ್ಟದ ನೋಟು. ನಾವು ಅರಸುವುದು ಮುಟ್ಟಿದವರನ್ನು. ಅವರಿಗೆ ಕಳೆಯಬೇಕಾದ ಅಂಕವಾಗಿರುವುದು ನಮಗೆ ಓದಬೇಕಾದ ಅಕ್ಷರ.

ಸಂಗ್ರಹಿಸುವ ವಿದ್ಯಾರ್ಥಿಗಳಿಗೆ ಕಾನೂನಿನ ಒಂದು ಎಚ್ಚರಿಕೆ ಅವಶ್ಯ. ೨೦೧೬ರ ನವೆಂಬರ್ ೮ರಂದು ರದ್ದಾದ ಐದು ನೂರು, ಸಾವಿರ ರೂಪಾಯಿಗಳ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲವೆಂದು ೨೦೧೭ರ ಕಾಯಿದೆ ಹೇಳುತ್ತದೆ. ಅಧ್ಯಯನ, ಸಂಶೋಧನೆ, ನಾಣ್ಯಸಂಗ್ರಹಗಳ ಸಲುವಾಗಿ ಇಪ್ಪತ್ತೈದರವರೆಗೆ ಸಮ್ಮತಿಯಿದೆ.

ಕೊನೆಯದಾಗಿ, ಒಂದು ನೋಟಿನ ದರ್ಜೆಯನ್ನು ನಾವು ಕಟ್ಟಿದ ಬಗೆಯನ್ನು ಹೇಳುತ್ತೇವೆ. ಇಳಕಲ್ಲಿನ ಸೀರೆ ವ್ಯಾಪಾರದ ಮನೆತನವೊಂದರ ಹಿರಿಯರು ಹೈದರಾಬಾದ ಸಂಸ್ಥಾನದ ಹತ್ತು ರೂಪಾಯಿ ನೋಟೊಂದನ್ನು, ಅದು ಸಿಕ್ಕಿದ ಖಾತೆ ಪುಸ್ತಕದ ಸಮೇತ ತಂದಿದ್ದರು. ಪುಸ್ತಕದೊಡನೆ ತಂದದ್ದು ಅವರ ದೊಡ್ಡ ಉಪಕಾರ. ಬಿಡಿ ನೋಟು ಎಲ್ಲಿಯದೆಂದು ಹೇಳಲಾರದು. ನೋಟು ನಾಲ್ಕು ಮಡಿಕೆಯಾಗಿತ್ತು. ನಡುವೆ ತೂತಿರಲಿಲ್ಲ. ಮೇಲಂಚಿನಲ್ಲಿ ಸಣ್ಣ ಹರಕು, ಚಿತ್ರವನ್ನು ಮುಟ್ಟಿಲ್ಲ. ಎರಡು ಪಿನ್ನಿನ ತೂತು. ಕಾಗದ ಮೆತ್ತಗಾಗಿದ್ದರೂ ಜೋತುಬಿದ್ದಿರಲಿಲ್ಲ. ಇಲ್ಲಿಯವರೆಗೆ ಫೈನ್ ಎನ್ನಲು ಅಡ್ಡಿಯಿಲ್ಲ. ಆದರೆ ಬಲಗಡೆಗೆ, ಕನ್ನಡ ಅಕ್ಷರಗಳ ಸಮೀಪದಲ್ಲಿಯೇ, ಬೆರಳಗಲದ ಕೆಂಪು ಕಲೆಯಿತ್ತು. ಪುಸ್ತಕದ ಮೊದಲ ಹಾಳೆಯ ಮೇಲೂ ಅದೇ ಕೆಂಪು. ಅದು ದೀಪಾವಳಿಯ ಖಾತೆ ಪೂಜೆಯ ಕುಂಕುಮ. ಚಲಾವಣೆ ಮುಗಿದ ಪರಸಂಸ್ಥಾನದ ನೋಟನ್ನು ಬದಲಾಯಿಸದೆ ಲಕ್ಷ್ಮಿಯೆಂದು ಇಟ್ಟುಕೊಂಡಿದ್ದರು.

ಜೊತೆಗೆ ಕುಳಿತು ನೋಡಿದ ಪರಿಚಿತ ಸಂಗ್ರಾಹಕರು ಕಲೆಯ ಸಲುವಾಗಿ ಅದನ್ನು ವೆರಿ ಗುಡ್‌ಗೆ ಇಳಿಸಿದರು. ಹಗುರಾಗಿ ಒರಸಿದರೆ ಕಲೆ ಹೋದೀತು ಎಂದು ವಿದ್ಯಾರ್ಥಿಯೊಬ್ಬನು ಸೂಚಿಸಿದನು. ಒರಸಗೊಡಲಿಲ್ಲ. 'ಫೈನ್, ಬಲಕ್ಕೆ ಕುಂಕುಮದ ಕಲೆ, ಪೂಜೆಯದು' ಎಂದು ನಮ್ಮ ಮತವನ್ನೂ, ಅದರ ಕೆಳಗೆ ಅವರ ಮತವನ್ನೂ ಲಕೋಟೆಯ ಮೇಲೆ ಬರೆದು, ಛಾಯಾಚಿತ್ರ ತೆಗೆದುಕೊಂಡು, ನೋಟನ್ನು ಪುಸ್ತಕದೊಡನೆ ಹಿಂದಿರುಗಿಸಿದೆವು. ಮುಂದಿನ ದೀಪಾವಳಿಗೆ ಮತ್ತೆ ಇದಕ್ಕೆ ಕುಂಕುಮ ಹಚ್ಚುವಿರಾ ಎಂದು ಕೇಳಿದಾಗ ಆ ಹಿರಿಯರು, "ಹಚ್ಚದ ಬಿಡೂದು ಹ್ಯಾಂಗ್ರೀ ಸರ?" ಎಂದರು.